ಉಡ ಕಂಡ್ರೆ ಕೋಲು ಯಾಕೆ?

ಶಾಲೆಯಲ್ಲಿ ಮಕ್ಕಳಿಗೆ ‘ಉ’ ಅಂದರೆ ಉಡ, ‘ಊ’ ಅಂದರೆ ಊಟ ಅಂತ ಕಲಿಸುತ್ತೇವೆ. ಎರಡನ್ನೂ ಒಂದೇ ತಟ್ಟೆಗೆ ಹಾಕಿಕೊಂಡವರು ದೊಡ್ಡವರಾದ ನಾವು. ಹೊಲದ ಬದುವಿನಲ್ಲಿ ಉಡ ಕಂಡರೆ ಸಾಕು, ಒಬ್ಬ ನಾಯಿ ಛೂ ಬಿಡ್ತಾನೆ, ಇನ್ನೊಬ್ಬ ಹುತ್ತ ಅಗೀತಾನೆ. ನಾಗರಪಂಚಮಿಗೆ ಹಾಲೆರೆದ ಅದೇ ಹುತ್ತ!

ಯಾಕ್ರಪ್ಪ ಅಂದರೆ, ಉಡ ಮನೆ ಹೊಕ್ಕರೆ ಕೇಡು ಅಂತಾರೆ. ಮಾಂಸ ತಿಂದರೆ ಸೊಂಟಕ್ಕೆ ಬಲ, ಎಣ್ಣೆ ತಿಕ್ಕಿದರೆ ಕೀಲುನೋವು ಮಾಯ ಅಂತಲೂ ಅವರೇ ಅಂತಾರೆ. ಬಾಗಿಲಲ್ಲಿ ಬಂದರೆ ಕೇಡು, ಮಡಕೆಯಲ್ಲಿ ಬಂದರೆ ಒಳ್ಳೇದೋ? ಉಡದ ಪಟ್ಟು ಗಟ್ಟಿ, ನಿಜ. ಅದು ಅದರ ಉಗುರಿನ, ಕಾಲಿನ ಬಲ. ಬೇಯಿಸಿ ತಿಂದವನ ಸೊಂಟಕ್ಕೆ ಬರೋದಾದರೆ, ಮೀನು ತಿಂದವರೆಲ್ಲ ಈಜಬೇಕಿತ್ತು.

ಸೀಳು ನಾಲಿಗೆ ಚಾಚೋದು ವಿಷ ಕಾರೋದಕ್ಕಲ್ಲ, ವಾಸನೆ ಹಿಡಿಯೋದಕ್ಕೆ. ದಿನವಿಡೀ ನೆಲ ಕೆದಕಿ ದುಂಬಿ, ಗೊಣ್ಣೆಹುಳ, ಬಸವನಹುಳ, ಏಡಿ, ಇಲಿ ತಿನ್ನುತ್ತೆ. ಸತ್ತದ್ದನ್ನೂ ಬಿಡೋದಿಲ್ಲ. ಕಬ್ಬಿನ ಬೇರು ಕಡಿಯುವ ಗೊಣ್ಣೆಹುಳಕ್ಕೆ ಕಾಸು ಕೊಟ್ಟು ಔಷಧಿ ತರುವ ನಾವೇ, ಪುಕ್ಕಟೆ ದುಡಿಯುವವನನ್ನು ಹೊಡೆಯುತ್ತೇವೆ. ಕೋಳಿಮೊಟ್ಟೆ, ಮರಿ ಕದಿಯುತ್ತೆ, ಅದನ್ನೇನೂ ಮುಚ್ಚಿಡೋಲ್ಲ. ಗೂಡಿಗೆ ಬಾಗಿಲು ಹಾಕಿ. ಮಣ್ಣಲ್ಲಿ, ಹುತ್ತದಲ್ಲಿ ಇಟ್ಟ ಮೊಟ್ಟೆ ಒಡೆಯೋಕೆ ತಿಂಗಳುಗಟ್ಟಲೆ ಬೇಕು. ಒಂದು ಹುತ್ತ ಅಗೆದರೆ ಒಂದು ಸಂಸಾರವೇ ಹೋಯ್ತು.

1872ರಲ್ಲಿ ಜಮೈಕಾ ದ್ವೀಪದವರು ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ನಮ್ಮ ದೇಶದಿಂದ ಮುಂಗುಸಿ ಒಯ್ದರು. ಅದು ಅಲ್ಲಿನ ಇಗುವಾನದ ಮರಿಗಳಿಗೂ ಬಾಯಿ ಹಾಕಿತು. ಇಗುವಾನ ಅಂದರೆ ನಮ್ಮ ಉಡದ ದೂರದ ನೆಂಟ. 1940ರ ದಶಕದ ಹೊತ್ತಿಗೆ ಅದು ಅಳಿದೇಹೋಯಿತು ಅಂದುಕೊಂಡರು. 1990ರಲ್ಲಿ ಹಂದಿ ಬೇಟೆಗಾರನೊಬ್ಬನ ನಾಯಿ ಒಂದನ್ನು ಹಿಡಿದಾಗಲೇ ಇನ್ನೂ ಉಳಿದಿದೆ ಅಂತ ತಿಳಿದದ್ದು. ಈಗ ಮರಿಗಳನ್ನು ಮೃಗಾಲಯದಲ್ಲಿ ಸಾಕಿ, ಬೆಳೆಸಿ, ಕಾಡಿಗೆ ಬಿಡುತ್ತಿದ್ದಾರೆ. ನಮ್ಮ ಉಡಕ್ಕೆ ಆ ಗತಿ ಇನ್ನೂ ಬಂದಿಲ್ಲ.

2013ರಿಂದ ನಮ್ಮದು ಸತ್ಯಮಂಗಲ ಹುಲಿ ಮೀಸಲು ಕಾಡಿನ ಸೀಮೆ. ಹುಲಿ, ಆನೆ ಅಂದರೆ ಎಲ್ಲರಿಗೂ ಕಾನೂನು ನೆನಪಾಗುತ್ತೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡವೂ ಹುಲಿಯ ಜೊತೆಗೆ ಮೊದಲನೇ ಪಟ್ಟಿಯಲ್ಲೇ ಇದೆ. ಕೊಂದರೆ ಕನಿಷ್ಠ 3 ವರ್ಷ ಜೈಲು. ಸಿಕ್ಕಿಬೀಳೋದು ಮಾತ್ರ ಬಲೆ ಹಾಕಿದ ಬಡವ. ಎಣ್ಣೆ ಸೀಸೆಗೆ ಕಾಸು ಕೊಟ್ಟು ಅವನನ್ನು ಕಾಡಿಗೆ ಅಟ್ಟಿದವರು ಊರೊಳಗೆ ಜಗಲಿ ಮೇಲೆ ಮಂಡಿ ತಿಕ್ಕಿಕೊಂಡು ಕೂತಿದ್ದೇವೆ.