ಬಿಡಿಭಾಗ ಇಲ್ಲಿದೆ, ಸ್ವಂತ ವಿಮಾನಕ್ಕೆ ದಾರಿಯೆಲ್ಲಿ?

ಬೆಳಗಾವಿ: ಜಿಲ್ಲೆಯ ಹತ್ತರಗಿಯಲ್ಲಿ ಏರ್‌ಬಸ್ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಆದರೆ ಬೆಳಗಾವಿಯ ಅಥವಾ ಖಾನಾಪುರದ ಹವ್ಯಾಸಿಯೊಬ್ಬ ತಾನೇ ವಿಮಾನ ಕಟ್ಟಲು ಹೊರಟರೆ, ಯಂತ್ರಕ್ಕಿಂತ ಅನುಮತಿಯೇ ದೊಡ್ಡ ತೊಡಕಾದೀತು.

ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯಲ್ಲಿ ಕಟ್ಟಿದ ಆರು ಆಸನಗಳ ವಿಮಾನ 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ಪ್ರದರ್ಶನಗೊಂಡಿತು. ನೋಂದಣಿ ದೊರೆತದ್ದು 2017ರಲ್ಲಿ. ಹಾರಾಟದ ಅನುಮತಿ 2019ರಲ್ಲಿ.

ಜನವಸತಿಯ ಮೇಲೆ ಹಾರುವ ಯಂತ್ರಕ್ಕೆ ಕಠಿಣ ಪರೀಕ್ಷೆ ಅನಿವಾರ್ಯವೇ. ಅಮೆರಿಕದಲ್ಲಿ 1953ರಲ್ಲಿ ಸ್ಥಾಪನೆಯಾದ ಹವ್ಯಾಸಿಗಳ ಸಂಘದಲ್ಲಿ ಅನುಭವಿಗಳು ಹೊಸಬರ ಕೆಲಸವನ್ನು ಹಂತಹಂತವಾಗಿ ನೋಡಿ ತಿದ್ದುತ್ತಾರೆ. ಕುಶಲ ಕೆಲಸಗಾರರಿರುವ ಬೆಳಗಾವಿಗೂ ಅಂಥದೊಂದು ಸಂಘ ಒಪ್ಪುತ್ತದೆ. ಅದರೊಂದಿಗೆ ಸರ್ಕಾರ ಮಾಡಬೇಕಾದದ್ದು ಇಷ್ಟೇ: ನಿಯಮ ಸಡಿಲಿಸುವುದು ಬೇಡ, ತೀರ್ಮಾನಕ್ಕೆ ಕಾಲಮಿತಿ ವಿಧಿಸಲಿ.