ಕಡಲಲ್ಲಿ ಶಾರ್ಕ್‌ಗೆ ಹೆದರ್ತೀವಿ, ಸೆಳೆತಕ್ಕೆ ಹೆದರಲ್ಲ!

ದಾವಣಗೆರೆ: ಡಿಸೆಂಬರ್ ಬಂತು ಅಂದ್ರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಶಾಲಾ ಪ್ರವಾಸದ ಬಸ್ಸುಗಳು, ಅಂಗಡಿ ಹುಡುಗರ ಟಿಟಿಗಳು ಮುರುಡೇಶ್ವರ, ಗೋಕರ್ಣ, ಮಲ್ಪೆ ಕಡೆ ಹೊರಡುತ್ತವೆ. ಮೊಬೈಲಿನಲ್ಲಿ ವಿಡಿಯೊ ನೋಡಿದ ಮಕ್ಕಳು ಕೇಳೋದು ಒಂದೇ ಪ್ರಶ್ನೆ: ‘ಅಲ್ಲಿ ಶಾರ್ಕ್ ಕಚ್ಚುತ್ತಾ?’ ಪ್ರಶ್ನೆ ತಪ್ಪಲ್ಲ. ಆದರೆ ಪ್ರಾಣ ತೆಗೆಯುತ್ತಿರೋದು ಬೇರೆಯೇ.

ಲೆಕ್ಕ ಏನು ಹೇಳುತ್ತೆ?

ಪ್ರಪಂಚದ ಶಾರ್ಕ್ ದಾಳಿಗಳ ದಾಖಲೆ ಇಡುವುದು ಅಮೆರಿಕದ ಫ್ಲೋರಿಡಾ ಮ್ಯೂಸಿಯಂ. ಅದರ ಪ್ರಕಾರ 2024ರಲ್ಲಿ ಮನುಷ್ಯ ಕೆಣಕದೇ ಇದ್ದರೂ ಶಾರ್ಕ್ ಕಚ್ಚಿದ ಪ್ರಕರಣಗಳು ಇಡೀ ಜಗತ್ತಿನಲ್ಲಿ 47. ಅವುಗಳಲ್ಲಿ ಸತ್ತವರು 4 ಮಂದಿ. ಮುಳುಗಿ ಸತ್ತವರೆಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಸುಮಾರು 3 ಲಕ್ಷ. ನಮ್ಮ ದೇಶದಲ್ಲೇ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರುಪಾಲಾಗುತ್ತಾರೆ.

ಹಾಗಂತ ನಮ್ಮ ಸಮುದ್ರದಲ್ಲಿ ಶಾರ್ಕ್ ಇಲ್ಲವೆಂದಲ್ಲ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವೈತರಣಾ ನದಿಯಲ್ಲಿ ಮೀನುಗಾರರೊಬ್ಬರ ಕಾಲಿಗೆ ಶಾರ್ಕ್ ಕಚ್ಚಿತ್ತು. ಇಂಥದ್ದು ಅಪರೂಪ, ಅದಕ್ಕೇ ದೊಡ್ಡ ಸುದ್ದಿ. ಕರಾವಳಿಯ ಮೀನು ಮಾರ್ಕೆಟಿಗೆ ಹೋಗಿ ನೋಡಿ, ಸಣ್ಣ ಶಾರ್ಕ್‌ಗಳು ಬುಟ್ಟಿಯಲ್ಲಿ ಮಾರಾಟಕ್ಕಿರುತ್ತವೆ. ಅವು ನಮಗೆ ಹೆದರಬೇಕೇ ಹೊರತು ನಾವಲ್ಲ!

ಮುರುಡೇಶ್ವರದಲ್ಲಿ ಆಗಿದ್ದು

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಅಲೆಗಳಲ್ಲಿ ಪ್ರಾಣ ಕಳೆದುಕೊಂಡರು. ಅವರೂ ನಮ್ಮ ಮಕ್ಕಳಂತೆ ಕಡಲಿಲ್ಲದ ಊರಿನವರು.

ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಲೇಬೇಕು. ಕೆಲವು ಕಡೆ ಅದೆಲ್ಲ ಒಂದೇ ಕಿರಿದಾದ ದಾರಿ ಹಿಡಿದು ಜೋರಾಗಿ ಒಳಕ್ಕೆ ಓಡುತ್ತೆ. ಇದೇ ಸೆಳೆತ. ಆ ಜಾಗದಲ್ಲಿ ಅಲೆ ಕಡಿಮೆ, ನೀರು ಶಾಂತವಾಗಿ ಕಾಣುತ್ತೆ. ‘ಇಲ್ಲಿ ಸೇಫ್’ ಅಂತ ಜನ ಅಲ್ಲೇ ಇಳೀತಾರೆ. ಸೆಳೆತ ಜೋರಿದ್ದಾಗ ಒಲಿಂಪಿಕ್ ಈಜುಗಾರನೂ ಅದರ ಎದುರು ಈಜಿ ಬರಲಾರ.

ಸಿಕ್ಕಿಕೊಂಡರೆ ಒದ್ದಾಡಿ ದಡದ ಕಡೆ ನೇರವಾಗಿ ಈಜಬೇಡಿ, ಸುಸ್ತಾಗಿ ಮುಳುಗುತ್ತೀರಿ. ಸೆಳೆತ ನೀರಿನಡಿಗೆ ಎಳೆಯಲ್ಲ, ದೂರಕ್ಕೆ ಒಯ್ಯುತ್ತೆ ಅಷ್ಟೇ. ಆದ್ದರಿಂದ ತೇಲುತ್ತಾ ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆಮೇಲೆ ದಡದ ಕಡೆ ಬನ್ನಿ.

ನಮ್ಮ ಮನೆ ಬಾಗಿಲ ನೀರು

ಕಡಲಿಗೆ ಹೋಗೋದು ವರ್ಷಕ್ಕೊಮ್ಮೆ. ಆದರೆ ಹೊನ್ನಾಳಿಯವರಿಗೆ ತುಂಗಭದ್ರೆ ದಿನವೂ ಪಕ್ಕದಲ್ಲೇ. ಮರಳು ತೆಗೆದ ಕಡೆ ಮೊಣಕಾಲುದ್ದ ನೀರು ಒಂದೇ ಹೆಜ್ಜೆಗೆ ಆಳು ಮುಳುಗುವಷ್ಟಾಗುತ್ತೆ. ಚನ್ನಗಿರಿ ಕಡೆ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ. ನಾಲೆಯ ಕಾಂಕ್ರೀಟ್ ಬದು ಪಾಚಿ ಕಟ್ಟಿದ್ದರೆ ಬಿದ್ದವರಿಗೆ ಹಿಡಿಯಲು ಏನೂ ಸಿಗಲ್ಲ. ಬರದ ತಾಲ್ಲೂಕು ಜಗಳೂರಿನಲ್ಲೂ ಈಗ ಕೃಷಿ ಹೊಂಡಗಳಿವೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಎಷ್ಟು ಜಾರುತ್ತೆ ಅಂದ್ರೆ ಈಜು ಬಲ್ಲವರೂ ಮೇಲೆ ಹತ್ತೋದು ಕಷ್ಟ.

ಏನು ಮಾಡಬಹುದು?

ಖರ್ಚು ದೊಡ್ಡದೇನಲ್ಲ. ಹೊಂಡಕ್ಕೆ ಬೇಲಿ ಹಾಕಿ, ಗಂಟು ಹಾಕಿದ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ನದಿ, ನಾಲೆ ಪಕ್ಕದ ಅಂಗಡಿಯವರು ಗಾಳಿ ತುಂಬಿದ ಹಳೇ ಟ್ಯೂಬು, ಉದ್ದದ ಹಗ್ಗ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಮುಳುಗುತ್ತಿರುವವರನ್ನು ಹಿಡಿಯಲು ಹಾರಬೇಡಿ, ಹಗ್ಗ ಎಸೆಯಿರಿ, 112ಕ್ಕೆ ಕರೆ ಮಾಡಿ. ಪ್ರವಾಸಕ್ಕೆ ಕಳಿಸುವ ಪೋಷಕರು ಶಿಕ್ಷಕರನ್ನು ಮೊದಲೇ ಕೇಳಿ: ಮಕ್ಕಳು ನೀರಿಗೆ ಇಳಿಯುವ ಕಡೆ ಜೀವರಕ್ಷಕರು ಇರ್ತಾರಾ? ಇಲ್ಲ ಅಂದ್ರೆ, ಮಕ್ಕಳು ದಡದಲ್ಲೇ ನಿಂತು ಕಡಲು ನೋಡಿ ಬರಲಿ.