ಉತ್ತರಕುಮಾರನ ಸಾರಥ್ಯ

ಮುನ್ನೂರು ಪದಗಳ ಒಂದು ಪ್ರಬಂಧ ಇಡೀ ದೇಶದ ಕೋಪಕ್ಕೂ ನಗೆಗೂ ಗುರಿಯಾದ ಪ್ರಸಂಗವನ್ನು ವಾಚಕರು ಮರೆತಿರಲಾರರು. 2024ನೆಯ ಇಸವಿ ಮೇ 19ರ ಅಪರಾತ್ರಿಯಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರೊಂದು ಮೋಟಾರುಬೈಕಿಗೆ ಬಡಿದು, ಅದರ ಮೇಲಿದ್ದ ಇಬ್ಬರು ತರುಣ ಎಂಜಿನಿಯರರು ಪ್ರಾಣ ಕಳೆದುಕೊಂಡರು. ಇಬ್ಬರಿಗೂ ಇಪ್ಪತ್ತನಾಲ್ಕರ ಪ್ರಾಯ. ಕಾರನ್ನು ನಡೆಸುತ್ತಿದ್ದವನು ಹದಿನೇಳು ವರ್ಷದ ಬಾಲಕನೆಂದು ಪೊಲೀಸರು ಹೇಳಿದರು. ಕೋಟಿಗಟ್ಟಲೆ ಬೆಲೆಯ ಆ ಕಾರಿಗೆ 1,758 ರೂಪಾಯಿಯ ಶುಲ್ಕ ಸಲ್ಲದೆ ಕಾಯಂ ನೋಂದಣಿಯೇ ಆಗಿರಲಿಲ್ಲವೆಂಬುದೂ ಹೊರಬಿತ್ತು. ಬಾಲನ್ಯಾಯ ಮಂಡಳಿ ಆ ಹುಡುಗನಿಗೆ ಅದೇ ದಿನ ಜಾಮೀನು ಕೊಟ್ಟಿತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತಗಳನ್ನು ಕುರಿತು ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬುದು. ಜನ ಕೆರಳಿದರು, ಆಜ್ಞೆ ಬದಲಾಯಿತು, ಪ್ರಕರಣ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಪ್ರಬಂಧ ಬರೆಸುವುದನ್ನೇ ವೃತ್ತಿಯಾಗಿಸಿಕೊಂಡ ನನ್ನಂಥವನಿಗೆ ಈ ಪ್ರಸಂಗದಲ್ಲಿ ಬೇರೊಂದು ವ್ಯಥೆಯಿದೆ. ಎರಡು ಜೀವಗಳ ಮುಂದೆ ಮುನ್ನೂರು ಪದ ಏನೂ ಅಲ್ಲ ಎಂಬ ಜನರ ಆಕ್ರೋಶ ನ್ಯಾಯವಾದದ್ದೇ. ಆದರೆ ಆ ವಿಷಯವನ್ನು ಕುರಿತು ಆಲೋಚಿಸಬೇಕಾದ ಕಾಲ ಯಾವುದು? ಕಾರಿನ ಕೀಲಿಕೈ ಹುಡುಗನ ಕೈಗೆ ಬರುವ ಮುಂಚಿನ ಕಾಲ. ಮತ್ತು ಆಲೋಚಿಸಬೇಕಾದವರು ಯಾರು? ಹುಡುಗನೊಬ್ಬನೇ ಅಲ್ಲ. ಹದಿನೇಳರ ಹುಡುಗನಿಗೆ ಪೋರ್ಷೆ ಕೊಳ್ಳುವ ಹಣವಿರುವುದಿಲ್ಲ, ಹಣವಿರುವವರು ಹಿರಿಯರು. ಆ ಪ್ರಬಂಧವನ್ನು ಈಗ ಹಿರಿಯರಾದ ನಾವು ಬರೆಯಬೇಕಾಗಿದೆ.

ತರುಣರು ಅತಿವೇಗದ ಕಾರುಗಳನ್ನು ಹೊಣೆಯರಿತು ನಡೆಸಬಲ್ಲರೇ? ಈ ಪ್ರಶ್ನೆಗೆ ಸಿದ್ಧವಾಗಿರುವ ಉತ್ತರಗಳು ಎರಡು. ಹರೆಯವೆಂದರೆ ಹುಚ್ಚುಹೊಳೆ, ಅದಕ್ಕೆ ಕಟ್ಟೆ ಕಟ್ಟಲೇಬೇಕು ಎಂಬುದು ಹಿರಿಯರ ಮಾತು. ನಮ್ಮ ಕಣ್ಣು ಚುರುಕು, ಕೈ ಚುರುಕು, ನಿಮಗಿಂತ ಚೆನ್ನಾಗಿ ನಡೆಸಬಲ್ಲೆವು ಎಂಬುದು ಕಿರಿಯರ ಮಾತು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಇಪ್ಪತ್ತರ ಹುಡುಗನ ಕಣ್ಣು ಐವತ್ತರ ತಂದೆಯ ಕಣ್ಣಿಗಿಂತ ಚುರುಕಾದದ್ದೇ ಸರಿ. ಆದರೆ ಕಂಡ ಅಪಾಯದಿಂದ ಪಾರಾಗುವುದು ಒಂದು ವಿದ್ಯೆ, ಕಾಣದ ಅಪಾಯವನ್ನು ಊಹಿಸುವುದು ಇನ್ನೊಂದು. ತಿರುವಿನಾಚೆ ಹಾಲಿನ ಸೊಸೈಟಿಗೆ ಹೊರಟ ಹೆಂಗಸೊಬ್ಬಳು ರಸ್ತೆ ದಾಟುತ್ತಿರಬಹುದು, ನಿಂತ ಬಸ್ಸಿನ ಮುಂದಿನಿಂದ ಶಾಲೆಯ ಹುಡುಗನೊಬ್ಬ ಓಡಿಬರಬಹುದು ಎಂಬ ಊಹೆ ಚುರುಕುಗಣ್ಣಿನಿಂದ ಬರುವುದಿಲ್ಲ. ಹಲವು ವರ್ಷ ರಸ್ತೆಯಲ್ಲಿ ಸವೆದಮೇಲೆ ಬರುತ್ತದೆ. ಚುರುಕು ಹುಟ್ಟಿನಿಂದ ಬಂದದ್ದು, ಊಹೆ ಕಲಿತು ಬರುವಂಥದ್ದು. ಕಲಿಯುವ ಅವಕಾಶವನ್ನು ನಾವು ಒದಗಿಸಿದ್ದೇವೆಯೇ ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ಜಿಲ್ಲೆಯ ತಾಳಮದ್ದಳೆಗಳಲ್ಲಿ ಉತ್ತರನ ಪೌರುಷ ಎಂಬ ಪ್ರಸಂಗ ಇಂದಿಗೂ ಜನಪ್ರಿಯ. ಕೌರವರು ಗೋವುಗಳನ್ನು ಹಿಡಿದಿದ್ದಾರೆ. ಅರಮನೆಯಲ್ಲಿ ಹೆಂಗಸರ ನಡುವೆ ಕುಳಿತ ರಾಜಕುಮಾರ, ತಕ್ಕ ಸಾರಥಿಯೊಬ್ಬನಿದ್ದರೆ ಸೇನೆಯನ್ನೆಲ್ಲ ಹೊಡೆದು ಬರುತ್ತೇನೆಂದು ಬಿರುದು ಕೊಚ್ಚುತ್ತಾನೆ. ಸೈನ್ಯ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡುತ್ತಾನೆ. ಇಲ್ಲಿಯವರೆಗೆ ನಕ್ಕು ನಾವು ಎದ್ದುಬಿಡುತ್ತೇವೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೃಹನ್ನಳೆಯ ವೇಷದ ಅರ್ಜುನ ಓಡುತ್ತಿದ್ದವನನ್ನು ಹಿಡಿದು ತರುತ್ತಾನೆ. ಹೇಡಿಯೆಂದು ಹಳಿದು ಮನೆಗಟ್ಟುವುದಿಲ್ಲ. ಬನ್ನಿಯ ಮರದ ಬಳಿಗೆ ಕರೆದೊಯ್ದು, ತಾನು ಯಾರೆಂಬುದನ್ನು ತಿಳಿಸಿ, ಅದೇ ಹುಡುಗನ ಕೈಗೆ ಕುದುರೆಗಳ ವಾಘೆಯನ್ನು ಕೊಡುತ್ತಾನೆ. ಆ ದಿನ ಭೀಷ್ಮದ್ರೋಣರ ಮುಂದೆ ಅರ್ಜುನನ ರಥವನ್ನು ನಡೆಸಿದವನು ಆಗತಾನೇ ರಥದಿಂದ ಧುಮುಕಿ ಓಡಿದ್ದ ಉತ್ತರನೇ. ಬೆಳಗಿನ ಉತ್ತರನಿಗೂ ಸಂಜೆಯ ಉತ್ತರನಿಗೂ ವಯಸ್ಸಿನಲ್ಲಿ ಒಂದು ದಿನದ ಅಂತರವೂ ಇಲ್ಲ. ಬಲ್ಲವನೊಬ್ಬ ಅದೇ ರಥದಲ್ಲಿ ಜೊತೆಗಿದ್ದನೆಂಬುದಷ್ಟೇ ಅಂತರ. ಯುವಕರ ವಿಚಾರದಲ್ಲಿ ನನ್ನ ನಂಬಿಕೆಗೆ ಈ ಕಥೆಯೇ ಆಧಾರ.

ಇನ್ನು ರಥದ ಮಾತು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಒಂದು ಮಾತು ನನಗೆ ತೋರುತ್ತದೆ. ಆ ಕಾಲದ ಯಂತ್ರ ತನ್ನ ಬಲವನ್ನು ಬಚ್ಚಿಡುತ್ತಿರಲಿಲ್ಲ. ವೇಗ ಏರಿದಂತೆ ಅದು ಗುಡುಗುತ್ತಿತ್ತು, ನಡುಗುತ್ತಿತ್ತು, ಕೈಗೆ ನೋವು ಕೊಡುತ್ತಿತ್ತು. ವೇಗಕ್ಕೆ ಮೈಯೇ ಅಳತೆಗೋಲಾಗಿತ್ತು. ಇಂದಿನ ಶಕ್ತಿಶಾಲಿ ಕಾರು, ಅದರಲ್ಲಿಯೂ ವಿದ್ಯುತ್ತಿನದು, ಕಾಲ್ಬೆರಳೊತ್ತಿದ ಮೂರು ನಾಲ್ಕು ಸೆಕೆಂಡಿನಲ್ಲಿ ಗಂಟೆಗೆ 100 ಕಿಲೋಮೀಟರಿನ ವೇಗ ಮುಟ್ಟುತ್ತದೆ. ಒಳಗೆ ಕುಳಿತವನ ತಟ್ಟೆಯ ನೀರೂ ತುಳುಕದೇನೋ ಎಂಬಷ್ಟು ಮೆತ್ತಗೆ. ಮೈಗೆ ತಿಳಿಯದ ವೇಗವನ್ನು ಬುದ್ಧಿಯೇ ತಿಳಿಯಬೇಕು.

ಬುದ್ಧಿಗೆ ನಿಲುಕುವಂತೆ ಒಂದು ಸರಳ ಲೆಕ್ಕ ಹೇಳುತ್ತೇನೆ. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಆ ವೇಳೆಗೆ 25 ಮೀಟರು ಕಳೆದಿರುತ್ತದೆ. ಆಮೇಲೆ ಒಣರಸ್ತೆಯಲ್ಲಿ ನಿಲ್ಲಲು ಇನ್ನೊಂದು 20 ಮೀಟರು. ವೇಗವನ್ನು 120ಕ್ಕೆ ಏರಿಸಿದರೆ ಮೊದಲನೆಯದು 50 ಆಗುತ್ತದೆ. ಎರಡನೆಯದು 40 ಆಗುವುದಿಲ್ಲ, 80 ಆಗುತ್ತದೆ. ವೇಗ ಇಮ್ಮಡಿಯಾದರೆ ಅದರೊಳಗಿನ ಶಕ್ತಿ ನಾಲ್ಮಡಿಯಾಗುತ್ತದೆ ಎಂಬ ಭೌತಶಾಸ್ತ್ರದ ನಿಯಮಕ್ಕೆ ಕಾರಿನ ಬೆಲೆಯಾಗಲಿ ಚಾಲಕನ ಪ್ರಾಯವಾಗಲಿ ಲೆಕ್ಕಕ್ಕಿಲ್ಲ. ಒಟ್ಟಿನಲ್ಲಿ 45 ಮೀಟರಿಗೆ ನಿಲ್ಲುತ್ತಿದ್ದ ಕಾರಿಗೆ 130 ಮೀಟರು ಬೇಕು. ಬಂಟ್ವಾಳದಿಂದ ಬೆಳ್ತಂಗಡಿಗೆ, ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಓಡಾಡುವವರು ನೆನಪಿಸಿಕೊಳ್ಳಲಿ: ಗುಡ್ಡದ ಬದಿಯ ನಮ್ಮ ದಾರಿಗಳಲ್ಲಿ ಅಷ್ಟು ದೂರ ಮುಂದೆ ಕಾಣುವ ಎಡೆಗಳು ಎಷ್ಟಿವೆ? ಜೂನಿನಿಂದ ಸೆಪ್ಟೆಂಬರಿನವರೆಗೆ ಆ ರಸ್ತೆ ಒಣಗಿರುವ ದಿನಗಳಾದರೂ ಎಷ್ಟು? ಹೆದ್ದಾರಿಗಳು ಅಗಲವಾಗುತ್ತಿವೆ, ಸಂತೋಷ. ಅಗಲವಾದ ರಸ್ತೆಗೂ ಬದಿಯ ಮನೆ, ಶಾಲೆ, ಭಜನಾಮಂದಿರಗಳು ಮೊದಲಿನಂತೆಯೇ ತೆರೆದುಕೊಳ್ಳುತ್ತವೆ. ಕೋಟಿಯ ಕಾರು ನಮ್ಮೂರಲ್ಲಿ ಅಪರೂಪವೆಂದು ಸಮಾಧಾನಪಡುವವರಿಗೆ ಒಂದು ಮಾತು. ಇಂಥ ತಿರುವಿನಲ್ಲಿ, ಸೈಲೆನ್ಸರು ಬದಲಿಸಿದ ಸಾಮಾನ್ಯ ಕಾರೂ ಕೊಲ್ಲಿಯಿಂದ ಬಂದ ಅಣ್ಣ ಕೊಡಿಸಿದ ಹೊಸ ಬೈಕೂ ಪೋರ್ಷೆಗೆ ಏನೂ ಕಡಮೆಯಲ್ಲ.

ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರ ಸಾವು ಅತಿವೇಗದ ಅಪಘಾತಗಳಲ್ಲಿ ಆದದ್ದು. ಮೂವರಲ್ಲಿ ಇಬ್ಬರು ಹದಿನೆಂಟರಿಂದ ನಲವತ್ತೈದರ ನಡುವಿನವರು. ಬೆಂಗಳೂರಿನ ಕೋರಮಂಗಲದಲ್ಲಿ 2021ರ ಆಗಸ್ಟಿನ ಕೊನೆಯ ರಾತ್ರಿಗಳಲ್ಲೊಂದರಲ್ಲಿ ಆಡಿ ಕಾರೊಂದು ಕಟ್ಟಡಕ್ಕೆ ಬಡಿದಾಗ ಒಳಗಿದ್ದ ಏಳು ಮಂದಿಯೂ ತೀರಿಕೊಂಡರು. ಎಲ್ಲರೂ ಮೂವತ್ತರ ಒಳಗಿನವರು. ಅಂಕಿಗಳು ಅಧ್ಯಾಪಕನಿಗೆ ಬೇರೆ ರೂಪದಲ್ಲಿ ಬರುತ್ತವೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಆ ಗೆರೆಯ ಕೆಳಗಿನ ಹೆಸರನ್ನು ಮರುದಿನ ಕೂಗುವಾಗ ಇಡೀ ತರಗತಿ ಉಸಿರು ಹಿಡಿದಿರುತ್ತದೆ.

ವೇಗವೇ ಪಾಪವೆಂದು ನಾನು ಹೇಳಲಾರೆ. ವೇಗವನ್ನು ಪ್ರೀತಿಸುವ ಊರಿನವರು ನಾವು. ಮೂಡುಬಿದಿರೆಯ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಜಗತ್ತೇ ಬೆರಗಾಗಿ ನೋಡಿತು. ಲೆಕ್ಕ ಹಾಕಿದರೆ ಆ ವೇಗ ಗಂಟೆಗೆ 38 ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಜಗತ್ತು ಬೆರಗಾದ ವೇಗ ಅದು. ನಮ್ಮ ಹುಡುಗರು ಪೇಟೆಯ ನಡುವೆ ಬೇಸರದಿಂದ ಹೋಗುವ ವೇಗವೂ ಅದೇ! ಕಂಬಳದ ಕರೆಯಲ್ಲಿ ವೇಗಕ್ಕೊಂದು ಮರ್ಯಾದೆಯಿದೆ. ಗಂತಿನಲ್ಲಿ ಹೊರಡಬೇಕು, ಮಂಜೊಟ್ಟಿಯಲ್ಲಿ ನಿಲ್ಲಬೇಕು. ಓಟದ ಕೊನೆಗೆ ಏರನ್ನಿಟ್ಟು ಕೋಣಗಳ ವೇಗವನ್ನು ತಗ್ಗಿಸುವ ಏರ್ಪಾಡನ್ನು ಹಿಂದಿನವರೇ ಮಾಡಿದ್ದಾರೆ. ಕೋಣಗಳಲ್ಲಿಯೇ ಕಿರಿಯ, ಹಿರಿಯ ಎಂಬ ವಿಭಾಗಗಳುಂಟು; ಎಳೆಯ ಜೋಡಿ ಕಿರಿಯರ ಜೊತೆ ಓಡಿ ಪಳಗಿದ ಮೇಲೆಯೇ ಹಿರಿಯರ ಸಾಲಿಗೆ ಬರಬೇಕು. ಕರೆಯ ಮೇಲೆ ಬೇರಾರೂ ಅಡ್ಡಾಡುವುದಿಲ್ಲ. ಮೋಟಾರು ಕ್ರೀಡೆಗೂ ಇದೇ ಧರ್ಮ. ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫರು ರ್ಯಾಲಿ ಪಂದ್ಯಗಳಲ್ಲಿ ರಾಷ್ಟ್ರೀಯ ಕೀರ್ತಿ ಪಡೆದದ್ದು ಚಕ್ರ ಹಿಡಿದಲ್ಲ. ಚಾಲಕನ ಪಕ್ಕದಲ್ಲಿ ಕುಳಿತು, ಮುಂದಿನ ತಿರುವು ಎಂಥದೆಂದು ಬರೆದಿಟ್ಟುದನ್ನು ಓದಿ ಹೇಳುತ್ತ. ಇತರರ ಸಂಚಾರಕ್ಕೆ ಮುಚ್ಚಿದ ದಾರಿಯಲ್ಲಿ, ದೇಶದ ಅತ್ಯಂತ ನುರಿತ ಚಾಲಕನಿಗೂ ಪಕ್ಕದಲ್ಲೊಬ್ಬ ಓದುಗ ಬೇಕು! ಕೋಣಗಳಿಗೆ ನಾವು ಕೊಟ್ಟ ಕ್ರಮಶಿಕ್ಷಣವನ್ನು ಮಕ್ಕಳಿಗೆ ಕೊಟ್ಟಿಲ್ಲವೆಂಬುದು ನಾಚಿಕೆಯ ಸಂಗತಿ.

ಕಾಯಿದೆಯ ಕಡೆಗೆ ತಿರುಗೋಣ. ಹದಿನೆಂಟು ತುಂಬಿದವನು ಕಲಿಕೆಯ ಪರವಾನಗಿ ಪಡೆದು, ಮೂವತ್ತು ದಿನ ಕಳೆದು, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಲಘು ವಾಹನ ನಡೆಸುವ ಹಕ್ಕು ಬರುತ್ತದೆ. ಆ ಒಂದೇ ಪರವಾನಗಿಯಲ್ಲಿ ಅಜ್ಜನ ಹಳೆಯ ಮಾರುತಿಯನ್ನೂ ನಡೆಸಬಹುದು, ಅದರ ಹತ್ತುಪಟ್ಟು ಶಕ್ತಿಯ ಲ್ಯಾಂಬೋರ್ಗಿನಿಯನ್ನೂ ನಡೆಸಬಹುದು. ಒಂದನೆಯ ತರಗತಿ ಮುಗಿಸಿದ ಮಗುವಿನ ಕೈಗೆ ಹಳಗನ್ನಡ ಚಂಪುವನ್ನು ಕೊಟ್ಟು ಓದು ಎಂದಂತಾಯಿತು ಇದು. ನ್ಯೂಜಿಲೆಂಡ್ 1987ರಲ್ಲಿಯೇ ಹಂತಹಂತದ ಪರವಾನಗಿಯ ಪದ್ಧತಿಯನ್ನು ತಂದಿತು. ಮೊದಲು ಬಲ್ಲವರೊಡನೆ, ಆಮೇಲೆ ಕೆಲವು ನಿರ್ಬಂಧಗಳೊಡನೆ, ಕೊನೆಗೆ ಸ್ವತಂತ್ರವಾಗಿ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಲ್ಯಾಂಬೋರ್ಗಿನಿಯೊಂದು ಹದಿನೈದರ ಬಾಲೆಯನ್ನು ಬಲಿ ತೆಗೆದುಕೊಂಡ ಮೇಲೆ ಆಕೆಯ ತಂದೆತಾಯಿಗಳು ಹೋರಾಡಿದರು. ಅದರ ಫಲವಾಗಿ 2024ರ ಡಿಸೆಂಬರಿನಿಂದ ಅಲ್ಲಿ ಅತಿಶಕ್ತಿಯ ಕಾರುಗಳಿಗೆ ಪ್ರತ್ಯೇಕ ಪರವಾನಗಿಯೇ ಬೇಕಾಗಿದೆ. ಅಲ್ಲಿಯ ಚಾಲಕ ಹದಿಹರೆಯದವನಾಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ಹೊಸ ನಿಯಮ ಪ್ರಾಯವನ್ನು ಕೇಳುವುದಿಲ್ಲ, ಕಲಿತಿರುವೆಯಾ ಎಂದು ಕೇಳುತ್ತದೆ. ನಮ್ಮಲ್ಲಿಯೂ ಇಂಥ ನಿಯಮ ಬರಲಿ. ಲಘು ವಾಹನವೆಂಬ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬುವುದು ಸಾಕು.

ಇರುವ ಕಾಯಿದೆಯೂ ಹಲ್ಲಿಲ್ಲದ್ದೇನಲ್ಲ. 2019ರ ತಿದ್ದುಪಡಿ ಸೇರಿಸಿದ 199ಎ ಕಲಮಿನಂತೆ, ಅಪ್ರಾಪ್ತ ವಯಸ್ಕ ವಾಹನ ನಡೆಸಿ ತಪ್ಪೆಸಗಿದರೆ ಪೋಷಕ ಅಥವಾ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿಯಿಲ್ಲ. ಆದರೂ ಮದುವೆಮನೆಯ ಅಂಗಳದಲ್ಲಿ, "ನಮ್ಮ ಹುಡುಗ ಹತ್ತನೆಯ ತರಗತಿಯಲ್ಲೇ ಕಾರು ಬಿಡಲು ಕಲಿತ" ಎಂದು ಹೆಮ್ಮೆಪಡುವ ಮಾವಂದಿರು ನಮ್ಮಲ್ಲಿ ಕಡಮೆಯಾಗಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಕಾರನ್ನು 'ಬಿಡುವುದು' ಎನ್ನುತ್ತಾರೆ. ಬಿಡುವುದು ಸುಲಭ, ಬಿಟ್ಟದ್ದನ್ನು ಹಿಡಿಯುವುದು ಕಲಿಯಬೇಕಾದ ವಿದ್ಯೆ.

ಮೂಡುಬಿದಿರೆಯಿಂದ ಗುರುವಾಯನಕೆರೆಗೆ ಹೋಗುವ ದಾರಿಯಲ್ಲಿ ವೇಣೂರು ಸಿಗುತ್ತದೆ. 1604ರಿಂದ ಅಲ್ಲಿ ಮೂವತ್ತೈದು ಅಡಿಯ ಬಾಹುಬಲಿ ನಿಂತಿದ್ದಾನೆ. ಪಂಪನ ಆದಿಪುರಾಣವನ್ನು ಪಾಠ ಮಾಡುವಾಗ ಭರತನ ಚಕ್ರರತ್ನದ ಪ್ರಸಂಗದಲ್ಲಿ ನಾನು ಕೊಂಚ ನಿಲ್ಲುತ್ತೇನೆ. ಆರು ಖಂಡಗಳನ್ನು ಗೆದ್ದ ಆ ಚಕ್ರ ಸ್ವಂತ ಊರಿನ ಬಾಗಿಲಲ್ಲಿ ತಾನಾಗಿ ನಿಂತಿತು. ಕೋಪದಿಂದ ತಮ್ಮನ ಮೇಲೆ ಪ್ರಯೋಗಿಸಿದಾಗ ಅವನನ್ನು ಕೊಲ್ಲದೆ ಬಲಗೊಂಡು ಸುಮ್ಮನಾಯಿತು. ಆ ಚಕ್ರಕ್ಕೆ ತನ್ನವರ ಗುರುತಿತ್ತು. ಕಾರ್ಖಾನೆಯಿಂದ ಬಂದ ಚಕ್ರಕ್ಕೆ ಆ ಗುರುತಿಲ್ಲ. ಎದುರು ಬಂದವನು ಯಾರ ತಮ್ಮ, ಯಾರ ಮಗಳು ಎಂಬುದನ್ನು ಅದನ್ನು ಹಿಡಿದ ಕೈಯೇ ತಿಳಿದಿರಬೇಕು.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಕೀಲಿಕೈ ಕೊಡುವ ಮೊದಲು ಒಂದು ವರ್ಷ ಮಗನ ಪಕ್ಕದ ಆಸನದಲ್ಲಿ ಕುಳಿತುಕೊಳ್ಳಿ. ಮಳೆಯಲ್ಲಿ, ಇರುಳಿನಲ್ಲಿ, ಸಂತೆಯ ದಿನದಲ್ಲಿ, ಘಾಟಿಯ ಇಳಿಜಾರಿನಲ್ಲಿ. ಮೊದಲ ಕಾರು ಸಾಮಾನ್ಯದ್ದಾಗಿರಲಿ. ಕಾಲೇಜುಗಳು ವಾರ್ಷಿಕೋತ್ಸವಕ್ಕೆ ಕೊಡುವ ಉತ್ಸಾಹದ ಒಂದು ಪಾಲನ್ನು ಇದಕ್ಕೂ ಕೊಡಲಿ. ತರುಣ ಮಿತ್ರರಿಗೂ ಒಂದು ಮಾತಿದೆ: ನಿಮ್ಮನ್ನು ನಾವು ಸಂದೇಹಿಸುತ್ತಿಲ್ಲ. ಭೀಷ್ಮದ್ರೋಣರ ಮುಂದೆ ರಥ ನಡೆಸುವ ಯೋಗ್ಯತೆ ಉತ್ತರನಲ್ಲಿ ಮೊದಲೇ ಇತ್ತೆಂದು ನಾವು ನಂಬುತ್ತೇವೆ. ಪಕ್ಕದಲ್ಲಿ ಕುಳಿತು ಕಲಿಸುವವರು ಬಂದಾಗ, ಅವರಿಗೆ ಜಾಗ ಬಿಟ್ಟುಕೊಡಿ.